ಗಡಿಗೆಯ ಬುಡದ ರುಜು

ನಮ್ಮ ಡಾಕ್ಟರು ಯಾರನ್ನೇ ಕಂಡರೂ ಮೊದಲು ಹಲ್ಲು ನೋಡುತ್ತಿದ್ದರು, ಆಮೇಲೆ ಮುಖ. ಕ್ಯಾಲಿಫೋರ್ನಿಯಾದ ಪಸಡೀನಾದ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಒಂದು ದಿನ ನಾನು ಬಟ್ಟೆ ಒಗೆಯುವ ಮಷೀನಿಗೆ ಧಾರವಾಡದ ಭಾಷೆಯಲ್ಲಿ ಸಹಸ್ರನಾಮ ಮಾಡುತ್ತಿದ್ದೆ. ಅರ್ಧ ಬಟ್ಟೆ ತೋಯಿಸಿ ನಿಂತುಬಿಟ್ಟಿತ್ತು ಮುಂಡೇದು. ಪಕ್ಕದಲ್ಲಿ ನಿಂತ ಎತ್ತರದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು.

"ಬಲಗಡೆ ಕೆಳಗೆ ಒಂದು ಹಲ್ಲು ನೋಯ್ತಾ ಉಂಟಲ್ಲ ನಿಂಗೆ? ಬೈಯುವಾಗಲೂ ಎಡಗಡೆಯಲ್ಲೇ ಬೈತೀಯ."

"ಏನ್ರೀ, ಹೆಸರಿಲ್ಲ, ಊರಿಲ್ಲ, ಸೀದಾ ಬಾಯಾಗ ಕೈ ಹಾಕ್ತೀರಲ್ಲ?" ಎಂದೆ.

"ಬಾಯಿಗೆ ಕೈ ಹಾಕುದೇ ನನ್ನ ಕಸುಬು ಮಾರಾಯ್ತಿ," ಎಂದು ನಕ್ಕರು. ನಗು ನಿಂತ ಮೇಲೆ, "ಕಸುಬಾಗಿತ್ತು," ಎಂದು ತಿದ್ದಿಕೊಂಡರು.

ಈಚೆಗೆ ಉಡುಪಿಯಿಂದ ಬಂದ ಪರಿಚಿತರೊಬ್ಬರು, ಡಾಕ್ಟರು ಕ್ಲಿನಿಕ್ ಮುಚ್ಚಿದರಂತೆ, ಕೈ ನಡುಗುತ್ತದಂತೆ ಎಂದು ಹೇಳಿದರು. ಜಗತ್ತಿನಲ್ಲಿ ಯಾರ ಕೈ ಬೇಕಾದರೂ ನಡುಗಲಿ, ಆ ಕೈ ನಡುಗಬಾರದಿತ್ತು. ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ನಾವೆಲ್ಲ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದೆವು, ಹಾಗೆಯೇ ಇರಲಿ.

ಅದು ಎರಡು ಸಾವಿರದ ಎರಡು, ಮೂರನೇ ಇಸವಿಯ ಮಾತು. ಡಾಕ್ಟರು ಮಲ್ಪೆಯ ಕಡಲ ಬದಿಯವರು. ಉಡುಪಿಯಲ್ಲಿ ಸ್ವಂತ ಡೆಂಟಲ್ ಕ್ಲಿನಿಕ್ ಇತ್ತು. ಗಂಡನಿಗೆ ಇಲ್ಲಿ ಎಂಜಿನಿಯರ್ ಕೆಲಸವಾದಾಗ ಅದನ್ನು ಮುಚ್ಚಿ ಬಂದಿದ್ದರು. ನಾನು ಧಾರವಾಡದಲ್ಲಿ ಹುಡುಗಿಯರಿಗೆ ಕೆಮಿಸ್ಟ್ರಿ ಕಲಿಸುತ್ತಿದ್ದವಳು, ನಾನೂ ಗಂಡನ ಬೆನ್ನಿಗೆ ಬಂದವಳೇ. ನಮ್ಮಿಬ್ಬರದೂ ಎಚ್-ಫೋರ್ ವೀಸಾ. ಇರಬಹುದು, ಉಣ್ಣಬಹುದು, ಕಾರು ಓಡಿಸಬಹುದು, ಮಕ್ಕಳನ್ನು ಹೆರಬಹುದು, ದುಡಿಯುವ ಹಾಗಿಲ್ಲ. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಎಲ್ಲರೂ ಕಾಯುತ್ತಿದ್ದೆವು. ಈಗ ಬಂತು, ಆಗ ಬಂತು ಎಂದು ಗಂಡಂದಿರು ಹೇಳುತ್ತಿದ್ದರು. ಅವರಿಗೇನು, ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುತ್ತಿದ್ದರು.

ಡಾಕ್ಟರ ಮನೆಗೆ ಹೋಗಿ ಕೈ ತೊಳೆಯಲು ನಿಂತರೆ ಸೋಪಿನ ತಟ್ಟೆಯಲ್ಲಿ ಒಂದು ದವಡೆ ಹಲ್ಲು ಕೂತಿರುತ್ತಿತ್ತು. ಕೈ ಮರೆತು ಹೋಗಬಾರದೆಂದು ಸೋಪಿನಲ್ಲಿ, ಮೇಣದಬತ್ತಿಯಲ್ಲಿ, ಕೊನೆಗೆ ಆಲೂಗಡ್ಡೆಯಲ್ಲೂ ಹಲ್ಲು ಕೆತ್ತುತ್ತಿದ್ದರು. ಒಮ್ಮೆ ನನಗೆ ಸಾಂಬಾರಿನಲ್ಲಿ ಒಂದು ಕೋರೆಹಲ್ಲು ಸಿಕ್ಕಿತು. "ಅಯ್ಯೋ ಶಿವನ, ಇದೇನ್ರಿ!" ಎಂದು ಕೂಗಿದೆ. "ಮೂಲಂಗಿ ಮಾರಾಯ್ತಿ, ತಿನ್ನು. ಆಕಾರ ಚಂದ ಬಂದಿದೆ ಅಲ್ವಾ?" ಎಂದರು. ಅವರ ಗಂಡ ತಲೆ ತಗ್ಗಿಸಿ ಉಣ್ಣುತ್ತಿದ್ದ, ಪಾಪ, ಅಭ್ಯಾಸವಾಗಿತ್ತು.

ಮಧ್ಯಾಹ್ನ ನಾವಿಬ್ಬರೂ ಸುತ್ತಾಡಲು ಹೊರಡುತ್ತಿದ್ದೆವು. ಹಾಗೆ ಸುತ್ತುವಾಗ ಹಳೆಯ ವಸ್ತುಗಳನ್ನು ಮಾರುವ ಒಂದು ಅಂಗಡಿಯ ಗಾಜಿನ ಮುಂದೆ ಅವರು ನಿಂತವರು ಅಲ್ಲಾಡಲೇ ಇಲ್ಲ. ಒಳಗೆ ಹಸಿರು ಬಟ್ಟೆಯ ಮೇಲೆ ಅಡಿಕೆಯಿಂದ ನಿಂಬೆಹಣ್ಣಿನವರೆಗಿನ ಗಾತ್ರದ, ಜಪಾನಿನ ದಂತದ ಗೊಂಬೆಗಳು: ಮಲಗಿದ ನಾಯಿ, ಬೆನ್ನು ಕೆರೆದುಕೊಳ್ಳುವ ಮುದುಕ, ಮರಿಯನ್ನು ಎತ್ತಿಕೊಂಡ ಕೋತಿ. ಕೋತಿಯ ಒಂದು ಕೈ ಮುರಿದಿತ್ತು. ಅದನ್ನು ಯಾರೋ ಅಂಟು ಹಾಕಿ ಒರಟಾಗಿ ಕೂರಿಸಿದ್ದರು.

ಡಾಕ್ಟರು ಸೀದಾ ಒಳಗೆ ಹೋಗಿ ಮಾಲೀಕನನ್ನು ತರಾಟೆಗೆ ತೆಗೆದುಕೊಂಡರು. ಇದು ದಂತ, ಹಲ್ಲು. ಹಲ್ಲಿಗೆ ಯಾರಾದರೂ ಬಡಗಿಯ ಅಂಟು ಹಾಕುತ್ತಾರೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮಾಲೀಕ ಬಿಳಿ ಕೂದಲಿನ, ಮೃದು ಮಾತಿನ ಮನುಷ್ಯ. ಮೃದು ಮಾತಿನವರ ಮೇಲೆ ನನಗೆ ಮೊದಲಿಂದಲೂ ಅನುಮಾನ. ಆತ ಸಿಟ್ಟಾಗಲಿಲ್ಲ. ಕೋತಿಯನ್ನು ಅವರ ಅಂಗೈಯಲ್ಲಿಟ್ಟು, ಹಾಗಾದರೆ ನೀವೇ ಸರಿಮಾಡಿ ಕೊಡಿ ಎಂದ.

ಡಾಕ್ಟರು ಉಡುಪಿಯಿಂದ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಸ್ಟೀಲಿನ ಸಲಕರಣೆಗಳು ಅಂದು ಹೊರಬಂದವು. ಅವರು ಸರಿಮಾಡಿಕೊಟ್ಟ ಕೋತಿಯ ಕೈಯಲ್ಲಿ ಜೋಡಣೆ ಎಲ್ಲಿದೆಯೆಂದು ನನಗೂ ಕಾಣಲಿಲ್ಲ, ಮಾಲೀಕನಿಗೂ ಕಾಣಲಿಲ್ಲ. ಆತ ಅಂಗಡಿಯ ಹಿಂದಿನ ಕೋಣೆಯನ್ನು ಬಿಟ್ಟುಕೊಟ್ಟ, ಕೀಲಿಕೈ ಕೊಟ್ಟ. ಜೊತೆಗೆ ಒಂದು ಮಾತನ್ನೂ ಕೊಟ್ಟ: ನನ್ನ ವಕೀಲರಿಗೆ ಹೇಳುತ್ತೇನೆ, ನಿಮ್ಮ ಹೆಸರಿನಲ್ಲೇ ವರ್ಕ್ ವೀಸಾಕ್ಕೆ ಅಪ್ಲೈ ಮಾಡಿಸೋಣ. ಅಂದು ಡಾಕ್ಟರು ರಸ್ತೆಯಲ್ಲಿ ನನ್ನ ಕೈ ಹಿಡಿದು ಹೆಚ್ಚುಕಡಿಮೆ ಓಡಿದರು. "ನನ್ನ ಹೆಸರಿನಲ್ಲಿ! ಯಾರ ಬಾಲವೂ ಅಲ್ಲ, ಗೊತ್ತುಂಟಾ? ಇಷ್ಟು ವರ್ಷದಲ್ಲಿ ಒಬ್ಬ ಕೇಳಿದ ಮಾರಾಯ್ತಿ, ನಿಂಗೆ ಎಂತ ಗೊತ್ತುಂಟು ಅಂತ!"

ನಾನೂ ಹೋಗಿ ಆ ಕೋಣೆಯಲ್ಲಿ ಕೂರುತ್ತಿದ್ದೆ. ದಂತವನ್ನು ನೋಡುವುದನ್ನು ಅವರು ನನಗೆ ಕಲಿಸಿದರು. ಕಣ್ಣಿನಿಂದ ನೋಡುವ ಮೊದಲು ಮುಷ್ಟಿಯಲ್ಲಿ ಹಿಡಿ ಎನ್ನುತ್ತಿದ್ದರು. ಹಿಡಿದರೆ ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತಿತ್ತು. ಹಿಂದೆ ಜಪಾನಿನವರ ನಿಲುವಂಗಿಗೆ ಜೇಬು ಇರಲಿಲ್ಲವಂತೆ. ಹೊಗೆಸೊಪ್ಪಿನ ಚೀಲ, ಔಷಧದ ಡಬ್ಬಿಗಳನ್ನು ದಾರಕ್ಕೆ ಕಟ್ಟಿ ನಡುಪಟ್ಟಿಯಿಂದ ತೂಗಬಿಡುತ್ತಿದ್ದರು. ದಾರ ಜಾರದಂತೆ ಮೇಲ್ತುದಿಯಲ್ಲಿ ಒಂದು ಗುಂಡಿಯಂಥದು ಬೇಕು. ಆ ಗುಂಡಿಯೇ ಈ ಗೊಂಬೆ, ನೆತ್ಸುಕೆ ಎನ್ನುತ್ತಾರೆ. "ಅಷ್ಟಕ್ಕೆ ಒಂದು ಬೆಣಚುಕಲ್ಲು ಸಾಕಿತ್ತು. ಇವರು ನೋಡು, ಎಂತ ಮಾಡಿದ್ದಾರೆ!" ಬಟ್ಟೆಗೆ ಸಿಕ್ಕಿಕೊಳ್ಳುವ ಒಂದು ಚೂಪು ತುದಿಯೂ ಇರಬಾರದು. ಕೋತಿಯ ಬಾಲ ಮೈಗೆ ಅಂಟಬೇಕು, ನಾಯಿಯ ಕಿವಿ ಮಡಿಚಬೇಕು. ಹಾಗೆ ಎಲ್ಲವನ್ನೂ ಒಳಗೆಳೆದುಕೊಂಡೂ ಅದು ಬದುಕಿದೆ ಅನ್ನಿಸಬೇಕು. ದಾರಕ್ಕೆ ಎರಡು ತೂತು, ಗಂಟು ಅಡಗಲೆಂದು ಒಂದು ತುಸು ದೊಡ್ಡದು. ಸೊಂಟಕ್ಕೆ ಉಜ್ಜಿದ ಬದಿ ಹೆಚ್ಚು ನುಣುಪು, ಹೆಚ್ಚು ಹಳದಿ. ದಂತವನ್ನು ಅಡ್ಡ ಕೊಯ್ದ ಕಡೆ ಚಾಪೆಯ ಹೆಣಿಗೆಯ ಹಾಗೆ ಸಣ್ಣ ಗೆರೆಗಳು. ಇವೆಲ್ಲ ಓದಲು ಬಂದರೆ ಸಾಕಂತೆ, ಕಟ್ಟಿಕೊಂಡವನು ದಪ್ಪಗಿದ್ದನೋ ಸಣ್ಣಗಿದ್ದನೋ ಹೇಳಬಹುದಂತೆ. ಇಷ್ಟು ಬಡಾಯಿ ನಾನು ನಂಬಲಿಲ್ಲ.

"ಆದ್ರ ಡಾಕ್ಟ್ರ, ಇದಕ್ಕ ಒಂದು ಆನಿ ಸತ್ತದಲ್ರೀ," ಎಂದೆ ಒಮ್ಮೆ.

ಅವರು ಕೈಯಲ್ಲಿದ್ದ ಗೊಂಬೆಯನ್ನು ಮಗುಚಿ ನೋಡಿದರು. "ಹೌದು. ಅದು ಮಹಾಪಾಪ. ಆದರೆ ಇವನಿಗೆ ಅದು ಗೊತ್ತಿತ್ತು ಅಂತ ಕಾಣ್ತದೆ. ಒಂದು ಚೂರೂ ಹಾಳು ಮಾಡ್ಲಿಲ್ಲ ನೋಡು," ಎಂದರು.

'ಇವನು' ಎಂದದ್ದು ಒಂದು ಗಡಿಗೆಯನ್ನು ಕೆತ್ತಿದವನನ್ನು. ಅಂಥ ವಸ್ತುವನ್ನು ನಾನು ಆಮೇಲೆಯೂ ನೋಡಲಿಲ್ಲ. ನಿಂಬೆಗಾತ್ರದ ದಂತದಲ್ಲಿ ಮಣ್ಣಿನ ಗಡಿಗೆಯ ರೂಪ, ಅದರ ಬಾಯಿಂದ ಅರ್ಧ ಹೊರಬಂದ ಆಕ್ಟೋಪಸ್. ಒಂದೊಂದು ಕಾಲಿನ ಅಡಿಗೂ ಹೀರುಬಟ್ಟಲುಗಳ ಸಾಲು, ಸಾಸಿವೆಗಿಂತ ಸಣ್ಣವು, ಪ್ರತಿಯೊಂದರಲ್ಲೂ ಗುಳಿ. ಕಪ್ಪು ಕೊಂಬಿನ ಚೂರು ಕೂರಿಸಿದ ಕಣ್ಣು. ಗಡಿಗೆಯನ್ನು ಮಗುಚಿದರೆ, ಯಾರೂ ನೋಡದ ಬುಡದಲ್ಲಿ, ಕಡಲಲ್ಲಿ ಬಹಳ ದಿನ ಬಿದ್ದ ಮಡಕೆಗೆ ಅಂಟುವ ಚಿಪ್ಪುಗಳು. ಧಾರವಾಡದವಳಾದ ನಾನು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇ ಹೆಚ್ಚು. ಡಾಕ್ಟರು ವಿವರಿಸಿದರು: ಜಪಾನಿನ ಮೀನುಗಾರರು ಇಂಥ ಗಡಿಗೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುತ್ತಾರಂತೆ. ಒಳ್ಳೆಯ ಮನೆ ಸಿಕ್ಕಿತೆಂದು ಆಕ್ಟೋಪಸ್ ತಾನೇ ಬಂದು ಕೂರುತ್ತದೆ. ಮೇಲೆ ಎಳೆಯುವಾಗಲೂ ಓಡುವುದಿಲ್ಲವಂತೆ.

"ಮುಚ್ಚಳ ಇರೂದಿಲ್ಲೇನ್ರಿ?"

"ಇಲ್ಲ. ಬಾಯಿ ತೆರೆದೇ ಇರ್ತದೆ," ಎಂದರು.

ಗಡಿಗೆಗೆ ಒಂದೇ ಕೊರತೆ. ಅದರ ಮೇಲೆ ಕೆತ್ತಿದವನ ರುಜು ಇರಲಿಲ್ಲ. ಹೆಸರಾಂತ ಕೆತ್ತನೆಗಾರನ ರುಜುವಿದ್ದರೆ ಸಂಗ್ರಹ ಮಾಡುವವರು ಮುಗಿಬೀಳುತ್ತಾರೆ, ಇಲ್ಲದಿದ್ದರೆ ಅದೂ ಹತ್ತರಲ್ಲಿ ಹನ್ನೊಂದು. ಮಾಲೀಕ ಒಂದು ದಿನ ಹಳೆಯ ಕಾಲದ ಕೆತ್ತನೆಯ ಗುರುವೊಬ್ಬನ ರುಜುವಿನ ಚಿತ್ರ ತಂದು ಅವರ ಮುಂದಿಟ್ಟ. ಕೆಲಸ ಅವನದೇ ಇರಬೇಕು, ಹಾಕಲು ಮರೆತಿದ್ದಾನೆ, ನೀವು ನೆನಪಿಸಿದರಾಯಿತು ಎಂದ, ನಗುತ್ತ. ವಕೀಲರು ಮುಂದಿನ ವಾರ ವೀಸಾದ ಅರ್ಜಿ ಫೈಲ್ ಮಾಡುತ್ತಾರೆ ಎಂದೂ ಅದೇ ಉಸಿರಿನಲ್ಲಿ ಹೇಳಿದ.

ಡಾಕ್ಟರು ಹಾಕಿದರು.

ನನಗೆ ಹೇಳಿದ್ದು ಆಮೇಲೆ, ಪಾರ್ಕಿನ ಬೆಂಚಿನಲ್ಲಿ. ನಾಚಿಕೆಯಿಂದ ಹೇಳಿದರೆಂದುಕೊಂಡಿರಾ? ಕಣ್ಣು ಹೊಳೆಯುತ್ತಿದ್ದವು. "ನೀನು ನೋಡ್ಬೇಕಿತ್ತು. ಕೂದಲಿನಷ್ಟು ಗೆರೆ. ಶಾಯಿ ತುಂಬಿಸಿ ಒರೆಸಿದೆ, ಅಷ್ಟೇ. ಅವನೇ ಬಂದರೂ ನನ್ನದೇ ರುಜು ಅಂತಿದ್ದ!"

"ಅವನ ಬಂದ್ರ ನಿಮ್ಮ ಕೈ ಮುರೀತಿದ್ದ," ಎಂದೆ. ನನಗೆ ಮೈಯೆಲ್ಲ ಉರಿದಿತ್ತು. "ಖರೇ ಕೆತ್ತಿದಾವ ಯಾರೋ, ಹೆಸರು ಇನ್ನೊಬ್ಬಂದು. ಇದು ಮೋಸ ಅಲ್ಲೇನ್ರಿ?"

ಡಾಕ್ಟರ ಮುಖ ಇಳಿಯಿತು. ಆಮೇಲಿನ ಕೆಲವು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ, ನನ್ನದೂ ಹಟವೇ. ಕೊನೆಗೆ ಅವರೇ ಬಾಗಿಲು ತಟ್ಟಿ, ಒಂದು ಡಬ್ಬಿ ನೀರುದೋಸೆ ಮೇಜಿನ ಮೇಲೆ ಕುಕ್ಕಿ, "ಇನ್ನೊಂದಕ್ಕೂ ಹಾಕಿದೆ," ಎಂದು ಕುಸಿದು ಕೂತರು.

ಹೊರಬರುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಎಚ್-ಫೋರಿನವಳು ಅಂಗಡಿಯಲ್ಲಿ ಕೆಲಸ ಮಾಡಿದ್ದೇ ತಪ್ಪು. ಮಾಲೀಕ ಒಂದು ಫೋನ್ ಮಾಡಿದರೆ ತನ್ನದಷ್ಟೇ ಅಲ್ಲ, ಗಂಡನ ಗ್ರೀನ್ ಕಾರ್ಡಿನ ಅರ್ಜಿಯೂ ಬಿದ್ದುಹೋಗುತ್ತದೆ ಎಂಬ ಹೆದರಿಕೆ. ಆತ ಎಂದೂ ಬೆದರಿಸಲಿಲ್ಲ. ನಾವಿಬ್ಬರೂ ಒಂದೇ ದೋಣಿಯವರು, ಅಲ್ಲವೇ, ಎಂದು ಬೆನ್ನು ತಟ್ಟುತ್ತಿದ್ದನಂತೆ. ಗಂಡನಿಗೆ ಹೇಳುವಂತಿಲ್ಲ. ವಕೀಲರ ಮುಂದಿನ ವಾರ ಬರಲೇ ಇಲ್ಲ. ವರ್ಷ ಉರುಳಿತು, ಇನ್ನೊಂದು ಉರುಳಿತು. ಡಾಕ್ಟರು ಬೆಳಿಗ್ಗೆ ಅಡುಗೆ ಮಾಡಿ, ಆ ಕಿಟಕಿಯಿಲ್ಲದ ಕೋಣೆಗೆ ಹೋಗಿ, ಸತ್ತವರ ಹೆಸರು ಕೆತ್ತಿ, ಮನೆಗೆ ಬರುತ್ತಿದ್ದರು. ಅವರ ಮನೆಯ ಸೋಪು ಬರೀ ಸೋಪಾಯಿತು. ನನಗೆ ಅದನ್ನು ಕಂಡು ಅಳು ಬರುತ್ತಿತ್ತು.

ಎರಡು ಸಾವಿರದ ಆರರ ನವರಾತ್ರಿ. ಡಾಕ್ಟರು ಎಷ್ಟೇ ಬೇಸರದಲ್ಲಿದ್ದರೂ ಆಯುಧಪೂಜೆ ತಪ್ಪಿಸಿದವರಲ್ಲ. ನಮ್ಮ ಕಾಂಪ್ಲೆಕ್ಸಿನವರೆಲ್ಲ ಕಾರಿಗೆ ಹೂವು ಹಾಕಿ ನಿಂಬೆಹಣ್ಣು ಇಟ್ಟರೆ, ಇವರು ತಮ್ಮ ಸಲಕರಣೆಗಳನ್ನು ತೊಳೆದು, ಬಿಳಿ ಟವೆಲಿನ ಮೇಲೆ ಸಾಲಾಗಿ ಮಲಗಿಸಿ, ಒಂದೊಂದಕ್ಕೂ ಕುಂಕುಮ ಹಚ್ಚುತ್ತಿದ್ದರು. ಆ ವರ್ಷ ನಾನು ಮಂಡಕ್ಕಿ ಒಗ್ಗರಣೆ ಹಿಡಿದು ಹೋದಾಗ ಪೂಜೆ ಅರ್ಧಕ್ಕೆ ನಿಂತಿತ್ತು. ಡಾಕ್ಟರು ಕುಂಕುಮದ ಬೆರಳನ್ನು ಹಾಗೇ ಎತ್ತಿ ಹಿಡಿದು ಕೂತಿದ್ದರು. ಇಕ್ಕಳ, ಕನ್ನಡಿ, ಚಮಚ ಎಲ್ಲದಕ್ಕೂ ಬೊಟ್ಟು ಬಿದ್ದಿತ್ತು. ತುದಿಯಲ್ಲಿದ್ದ, ರುಜು ಹಾಕುವ ಸೂಜಿಯಂಥ ಉಳಿಗೆ ಇರಲಿಲ್ಲ.

"ಹಚ್ಚಲಿಕ್ಕೆ ಕೈ ಬರುದಿಲ್ಲ," ಎಂದರು. "ಇದನ್ನು ಅಪ್ಪ ಕೊಡಿಸಿದ್ದು, ನಾನು ಪಾಸಾದಾಗ. ಇದಕ್ಕೆ ಪೂಜೆ ಮಾಡಿದರೆ ಸುಳ್ಳಿಗೆ ಪೂಜೆ ಮಾಡಿದ ಹಾಗೆ. ಬಿಟ್ಟರೆ ಇದರದ್ದು ಎಂತ ತಪ್ಪು ಹೇಳು? ತಪ್ಪು ಮಾಡಿದ್ದು ಕೈ." ಆಮೇಲೆ ಬಾಯಿಗೆ ಸೆರಗು ಒತ್ತಿ ಅತ್ತರು. ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಮಂಡಕ್ಕಿಯ ಪಾತ್ರೆಯನ್ನು ಹಿಡಿದೇ ನಿಂತಿದ್ದೆ.

ಕಣ್ಣೊರೆಸಿಕೊಂಡು ಕೇಳಿದರು: "ಕಾರ್ಲ್ಸ್‌ಬಾಡ್‌ಗೆ ಡ್ರೈವ್ ಮಾಡ್ತೀಯಾ?"

ಗಡಿಗೆಯನ್ನು ಕೊಂಡದ್ದು ಸಾನ್ ಡಿಯಾಗೊ ದಾರಿಯ ಕಡಲೂರಾದ ಕಾರ್ಲ್ಸ್‌ಬಾಡಿನ ಒಬ್ಬ ಅಮೆರಿಕನ್ ಅಜ್ಜಿ, ನಿವೃತ್ತ ವಿಜ್ಞಾನಿ. ಅವರ ಬೇರೆ ಗೊಂಬೆಗಳನ್ನು ಡಾಕ್ಟರು ರಿಪೇರಿ ಮಾಡಿದ್ದರಿಂದ ಮನೆಯ ವಿಳಾಸ ಗೊತ್ತಿತ್ತು. ಅಜ್ಜಿ ತನ್ನ ಇಡೀ ಸಂಗ್ರಹವನ್ನು ಸಾನ್ ಡಿಯಾಗೊದ ಒಂದು ಮ್ಯೂಸಿಯಮ್ಮಿಗೆ ಕೊಡುವವರಿದ್ದಾರೆಂದು ಮಾಲೀಕ ಹೆಮ್ಮೆಯಿಂದ ಹೇಳಿಕೊಂಡಿದ್ದ. ಹೋದರೆ ಏನಾಗಬಹುದೆಂದು ಇಬ್ಬರಿಗೂ ಗೊತ್ತಿತ್ತು. ವೀಸಾದ ಆಸೆ ಹೋಗುತ್ತದೆ. ಅಜ್ಜಿ ಪೊಲೀಸರನ್ನು ಕರೆದರೆ ದೇಶವೇ ಹೋಗುತ್ತದೆ, ಗಂಡನ ಕೆಲಸವೂ ಹೋಗುತ್ತದೆ. "ಮನ್ಯಾಗ ಹೇಳ್ರಿ ಮೊದಲ," ಎಂದೆ. ಅಂದು ಸಂಜೆಯೇ ಹೇಳಿದರಂತೆ. ಗಂಡ ಎರಡು ದಿನ ಮಾತಾಡದೆ ಇದ್ದು, ಮೂರನೆಯ ದಿನ ನನ್ನ ಕಾರಿಗೆ ಪೆಟ್ರೋಲ್ ತುಂಬಿಸಿ ತಂದು ಕೊಟ್ಟ. ಆ ಮನುಷ್ಯನ ಮೇಲೆ ನನಗೆ ಅಂದಿನಿಂದ ಗೌರವ ಹುಟ್ಟಿತು.

ಅಜ್ಜಿ ಕಡಲಿಗೆ ಮುಖ ಮಾಡಿದ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಟೀ ಕೊಟ್ಟರು. ಗಡಿಗೆ ಕಪಾಟಿನಲ್ಲಿ ಇರಲಿಲ್ಲ. ಅವರ ಕಾರ್ಡಿಗನ್ನಿನ ಜೇಬಿನಲ್ಲಿತ್ತು, ದಿನವಿಡೀ ಹಿಡಿದುಕೊಂಡೇ ಇರುತ್ತಿದ್ದರಂತೆ. ಡಾಕ್ಟರು ಪೀಠಿಕೆ ಹಾಕಲಿಲ್ಲ. ಇದರ ರುಜು ಸುಳ್ಳು, ಹಾಕಿದ್ದು ನಾನು ಎಂದರು. ಕೆತ್ತನೆ ಅಪ್ಪಟ, ಬಹಳ ಹಳೆಯದು, ಆದರೆ ಮಾಡಿದವನು ಯಾರೋ ಯಾರಿಗೂ ಗೊತ್ತಿಲ್ಲ ಎಂದರು. ಕಪಾಟಿನಲ್ಲಿದ್ದವುಗಳಲ್ಲಿ ತಾವು ರುಜು ಹಾಕಿದ ಮಿಕ್ಕವುಗಳನ್ನೂ ಒಂದೊಂದಾಗಿ ತೋರಿಸಿದರು. ಕೊನೆಗೆ ತಮ್ಮ ಸಲಕರಣೆಯ ಗಂಟು ಬಿಚ್ಚಿ, ಅಪ್ಪಣೆ ಕೊಟ್ಟರೆ ಗಡಿಗೆಯದನ್ನಾದರೂ ಈಗಲೇ ಕೆರೆದು ತೆಗೆಯುತ್ತೇನೆ ಎಂದು ಬೇಡಿಕೊಂಡರು.

ಅಜ್ಜಿ ಗಡಿಗೆಯನ್ನು ಮಗುಚಿ ಬಹಳ ಹೊತ್ತು ನೋಡಿದರು.

ಕೆರೆದರೆ ಹಳೆಯ ಮೈಯೂ ಹೋಗುತ್ತದಲ್ಲವೇ, ಎಂದು ಕೇಳಿದರು.

ಹೋಗುತ್ತದೆ, ಅಲ್ಲೊಂದು ಬಿಳಿ ಗುಳಿ ಉಳಿಯುತ್ತದೆ, ಎಂದರು ಡಾಕ್ಟರು. ಹಲ್ಲಿನಂತೆಯೇ; ಕೊರೆದದ್ದು ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಬಿಡು, ಎಂದರು ಅಜ್ಜಿ. ಇನ್ನೊಂದು ಗಾಯ ಬೇಡ. ನೀನು ಮಾಡಿದ್ದೂ ಈಗ ಇದರ ಮೇಲಿದೆ, ಇರಲಿ. ಮ್ಯೂಸಿಯಮ್ಮಿನವರಿಗೆ ನಾನೇ ಹೇಳುತ್ತೇನೆ.

ಬಯ್ಯಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. ಡಾಕ್ಟರಿಗೆ ಬೈಗುಳ ಬೇಕಾಗಿತ್ತು ಅಂತ ನನಗೆ ಅನ್ನಿಸಿತು. ಸಲಕರಣೆಗಳನ್ನು ಮತ್ತೆ ಸುತ್ತುವಾಗ ಅವರ ಕೈ ಬಟ್ಟೆಯ ಗಂಟನ್ನೇ ಹುಡುಕುತ್ತಿತ್ತು.

ಅಲ್ಲಿಂದ ಲಾಸ್ ಏಂಜಲೀಸ್ ಕಡೆಗೆ ಬರುವ ಹೈವೇಯಲ್ಲಿ, ಕಾಗದವಿಲ್ಲದೆ ದೇಶದೊಳಗೆ ಬಂದವರನ್ನು ಹಿಡಿಯುವ ಗಡಿ ಪೊಲೀಸರ ತಪಾಸಣೆಯ ಜಾಗವಿದೆ. ಅಂದು ಅದು ತೆರೆದಿತ್ತು. ಪೊಲೀಸ್ ಬಗ್ಗಿ ನಮ್ಮಿಬ್ಬರ ಮುಖ ನೋಡಿ, ಕೈಬೀಸಿ ಮುಂದೆ ಕಳಿಸಿದ. ಡಾಕ್ಟರು ಹಿಂದೆ ತಿರುಗಿ ಅವನನ್ನೇ ನೋಡುತ್ತ, "ಇಷ್ಟು ವರ್ಷ ನಾನು ಹೆದರಿದ್ದು ಯಾರಿಗೆ ಮಾರಾಯ್ತಿ?" ಎಂದರು. ಮರುದಿನ ಕೀಲಿಕೈಯನ್ನು ಮಾಲೀಕನ ಮುಂದೆ ಇಟ್ಟು, ಅಜ್ಜಿಗೆ ಎಲ್ಲ ಹೇಳಿಬಂದೆ ಎಂದರು. ನಾನೂ ನಿನ್ನ ಬಗ್ಗೆ ಹೇಳಬಲ್ಲೆ ಎಂದನಂತೆ ಆತ, ಅದೇ ಮೃದು ಧ್ವನಿಯಲ್ಲಿ. ಹೇಳು ಎಂದರಂತೆ ಇವರು.

ತಿಂಗಳುಗಟ್ಟಲೆ ನಾವು ಟಪಾಲು ಡಬ್ಬಿ ತೆರೆಯಲು ಹೆದರಿದೆವು. ಏನೂ ಬರಲಿಲ್ಲ. ಆತನೂ ಒಳಗೆ ಕೂತು ಇವರಿಗೇ ಹೆದರುತ್ತಿದ್ದ ಎಂದು ತಿಳಿಯಲು ಅಷ್ಟು ಕಾಲ ಬೇಕಾಯಿತು. ಆದರೆ ಗ್ರೀನ್ ಕಾರ್ಡೂ ಬರಲಿಲ್ಲ. ಡಾಕ್ಟರು ಮನೆಯಲ್ಲೇ ಉಳಿದರು. ಕರ್ಟನ್ ಎಳೆದುಕೊಂಡು ಮಲಗುವುದು ಹೆಚ್ಚಾಯಿತು. ಸುತ್ತಾಡಲು ಕರೆದರೆ, "ನೀನು ಹೋಗು," ಎನ್ನುತ್ತಿದ್ದರು. ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದರು, ಹೇಳಲು ಏನೂ ಇರುತ್ತಿರಲಿಲ್ಲ. "ಎಂತ ಮಾಡ್ತಾ ಇದ್ದೀಯ?" "ಏನಿಲ್ರಿ. ನೀವು?" "ಎಂತ ಇಲ್ಲ." ಆಮೇಲೂ ಯಾರೂ ಫೋನ್ ಇಡುತ್ತಿರಲಿಲ್ಲ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ನಿಂತು, "ನಾನು ಊರಿಗೆ ಹೋಗ್ತೇನೆ. ಇವರು ಇರ್ಲಿ, ಬೇಕಾದಾಗ ಬರ್ಲಿ. ನಂಗೆ ಇನ್ನು ಕಾಯ್ಲಿಕ್ಕೆ ಆಗುದಿಲ್ಲ," ಎಂದರು. ನಾನು ಬೇಡವೆನ್ನಲಿಲ್ಲ. ಎನ್ನುವ ಆಸೆ ಮಾತ್ರ ಇತ್ತು. ಏರ್‌ಪೋರ್ಟಿನಲ್ಲಿ ನನ್ನ ಗದ್ದ ಹಿಡಿದು ಬಾಯಿ ತೆರೆಸಿ, ಎಲ್ಲರ ಮುಂದೆ ಹಲ್ಲು ನೋಡಿ, "ಆರು ತಿಂಗಳಿಗೊಮ್ಮೆ ಕ್ಲೀನ್ ಮಾಡಿಸು," ಎಂದು ಗದರಿಸಿ ಒಳಗೆ ಹೋದರು.

ಬಹಳ ದಿನ ಸುದ್ದಿಯಿರಲಿಲ್ಲ. ನಾನೇ ಕಾಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ, ಸಂಜೆ, ಫೋನ್ ಬಂತು. ಉಡುಪಿಯಲ್ಲಿ ಬೆಳಗಾಗಿತ್ತು. ಹಿಂದೆ ಯಾವುದೋ ಮಗು ಕಿರುಚುತ್ತಿತ್ತು, ಯಾರೋ ನಲ್ಲಿ ಬಿಟ್ಟಿದ್ದರು. ನಾನು ತಿಂಗಳುಗಳಿಂದ ಕೂಡಿಟ್ಟ ಮಾತನ್ನೆಲ್ಲ ಒಮ್ಮೆಲೇ ಶುರುಮಾಡಿದೆ. ಅರ್ಧ ವಾಕ್ಯವೂ ಆಗಿರಲಿಲ್ಲ.

"ಇಡ್ತೇನೆ ಮಾರಾಯ್ತಿ, ಇಡ್ತೇನೆ. ಪೇಷಂಟ್ ಬಾಯಿ ತೆರೆದುಕೊಂಡು ಕೂತಿದ್ದಾರೆ!"

ಫೋನ್ ಕಟ್ಟಾಯಿತು. "ಇಡ್ರಿ ಡಾಕ್ಟ್ರ, ಇಡ್ರಿ," ಎಂದು ನಾನು ಸತ್ತ ಫೋನಿಗೆ ಹೇಳುತ್ತಲೇ ಇದ್ದೆ. ಸಂತೋಷಕ್ಕೆ ಅಳು ಬಂತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಕಿಟಕಿಯಾಚೆ ಅದೇ ಪಾರ್ಕಿಂಗ್ ಲಾಟ್, ಅದೇ ಕಾರುಗಳು. ಗಂಡ ಆಫೀಸಿನಿಂದ ಬಂದು ನನ್ನ ಮುಖ ನೋಡಿ, ಯಾರ ಫೋನ್ ಎಂದು ಕೇಳಿದ.

"ಡಾಕ್ಟರದು," ಎಂದೆ. "ಮಾತಾಡಾಕ ಅವರಿಗೆ ಪುರುಸೊತ್ತಿಲ್ಲ."